ಅಳತೆ ಮೇಡಂ ಮತ್ತು ಒಂದು ಪುಟ್ಟ ಬೆರಳು

ನಮ್ಮ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದವರನ್ನು ಯಾರನ್ನಾದರೂ ಕೇಳಿ ನೋಡಿ, ಹೆಚ್ಚು ಹೆದರಿದ್ದು ಯಾರಿಗೆ ಎಂದು. ಗೈಡಿಗೂ ಅಲ್ಲ, ಪರೀಕ್ಷಕರಿಗೂ ಅಲ್ಲ, ಅಳತೆ ಮೇಡಂಗೆ ಎನ್ನುತ್ತಾರೆ. ಆಡಳಿತ ಕಟ್ಟಡದ ಹಿಂಬದಿಯಲ್ಲಿ, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಕೋಣೆ ಅವರದು. ಪಾಸಾದ ಪ್ರಬಂಧಗಳೆಲ್ಲ ಕೊನೆಗೆ ಅಲ್ಲಿಗೇ ಬರಬೇಕು. ಅವರು ಸ್ಟೀಲಿನ ಸ್ಕೇಲು ಹಿಡಿದು ಪುಟದ ಅಂಚು ಅಳೆದು, ಪರೀಕ್ಷಕರು ಹೇಳಿದ ತಿದ್ದುಪಡಿಗಳೆಲ್ಲ ಆಗಿವೆಯೇ ಎಂದು ನೋಡಿ, ಸರಿ ಎಂದ ಮೇಲೆಯೇ ಪ್ರಬಂಧ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿ ಪ್ರಕಟವಾಗುವುದು. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಅವರಿಗಂತೂ ಚೆನ್ನಾಗಿ ಗೊತ್ತಿತ್ತು. ಫೋನ್ ಎತ್ತಿದರೆ, "ಹಲೋ, ಅಳತೆ ಮೇಡಮ್ಮೇ ಮಾತಾಡ್ತಿರೋದು, ಹೇಳಿ" ಎನ್ನುತ್ತಿದ್ದರು.

ಚಿಕ್ಕ ವಯಸ್ಸಿನಲ್ಲೇ ಟೈಪಿಸ್ಟ್ ಆಗಿ ಸೇರಿದವರು. ಗಂಡ ಬಸ್ ಡ್ರೈವರ್. ದೊಡ್ಡ ಮಗಳು ನರ್ಸ್, ಚಿಕ್ಕವಳು ಅಪ್ಪನ ಹಾಗೆ ಬಸ್ಸನ್ನೇ ಓಡಿಸುತ್ತಾಳೆ. ಆ ಚಿಕ್ಕವಳು ಹುಟ್ಟಿದಾಗ ನೋಡಿಕೊಳ್ಳುವವರಿಲ್ಲದೆ, ಟೈಪ್‌ರೈಟರ್ ಮೇಜಿನ ಕೆಳಗೆ ಕಾಗದದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡೇ ಕೆಲಸ ಮಾಡಿದರಂತೆ. "ಟಕಟಕ ಸದ್ದು ನಿಂತ್ರೆ ಎದ್ದು ಅಳ್ತಿದ್ಲು. ಅದಕ್ಕೇ ನಾನು ಅಷ್ಟು ಪುಟ ಹೊಡೆದಿದ್ದು. ಆಫೀಸಿನವರು ನನ್ನನ್ನ ಶ್ರಮಜೀವಿ ಅಂದ್ಕೊಂಡ್ರು" ಎಂದು ನಗುತ್ತಿದ್ದರು. ಅಷ್ಟು ಪ್ರಬಂಧ ಟೈಪು ಮಾಡಿದರೂ ತನಗೆ ಪೂರ್ತಿ ಅರ್ಥವಾಗಿದ್ದು ಪುಟಸಂಖ್ಯೆ ಮಾತ್ರ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದರು.

ಅಂಚಿನ ಬಗ್ಗೆ ಅಷ್ಟೊಂದು ಹಟ ಯಾಕೆ ಎಂದು ಹೆಚ್ಚಿನವರು ಕೇಳಿರಲಿಲ್ಲ. ಬೈದುಕೊಂಡು ಹೋಗುತ್ತಿದ್ದರು, ಅಷ್ಟೆ. ನಾನು ಕೇಳಿದೆ. ಅವರು ಆ ಕುರ್ಚಿಗೆ ಬರುವ ಮೊದಲು ಯಾರೋ ಅವಸರದಲ್ಲಿ ಪಾಸು ಮಾಡಿದ್ದ ಒಂದು ಪ್ರಬಂಧ ಇತ್ತಂತೆ. ಎಡಗಡೆ ಅಂಚು ಸಾಲದೆ, ಬೈಂಡ್ ಆದಾಗ ಪ್ರತಿ ಸಾಲಿನ ಮೊದಲಕ್ಷರಗಳು ಹೊಲಿಗೆಯೊಳಗೆ ಹೂತುಹೋಗಿದ್ದವು. ಅದನ್ನು ಬರೆದಾತ ಎಷ್ಟೋ ವರ್ಷಗಳ ನಂತರ ತನ್ನ ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು, "ನೋಡಮ್ಮ, ಇದೇ ನಾನು ಬರೆದಿದ್ದು" ಎಂದು ಓದಲು ಹೋದರೆ ಒಂದು ಸಾಲೂ ಓದಲಾಗಲಿಲ್ಲವಂತೆ. "ಆ ತಾಯಿ ಪಾಪ, 'ಇರ್ಲಿ ಬಿಡಪ್ಪ, ಚೆನ್ನಾಗಿದೆ' ಅಂದು ಪುಸ್ತಕದ ಬೆನ್ನು ಸವರಿದ್ರು. ಬರೆಯೋದು ಓದೋಕಲ್ವೇನಮ್ಮ?" ಎಂದರು ಮೇಡಂ.

ನನ್ನ ಪ್ರಬಂಧ ನಗರದ ಹಳೆಯ ಗೋಡೆಗಳ ಮೇಲೆ ಬೆಳೆಯುವ ಕಲ್ಲುಹೂವುಗಳ ಬಗ್ಗೆ. ಕಲ್ಲಿಗೆ, ಗಾರೆಗೆ ಬೂದು ಹಸಿರು ಹಕ್ಕಳೆಯಂತೆ ಕಚ್ಚಿಕೊಂಡಿರುತ್ತದಲ್ಲ, ಅದೇ. ಗಾಳಿ ಕೆಟ್ಟರೆ ಮೊದಲು ಸಾಯುವ ಜೀವ ಅದು. ನಮ್ಮ ಅತ್ತೆಗೆ ಇದು ಕೊನೆಗೂ ಜೀರ್ಣವಾಗಲಿಲ್ಲ. "ಬಚ್ಚಲ ಗೋಡೆ ಮೇಲಿರೋ ಪಾಚಿ ಉಜ್ಜು ಅಂದ್ರೆ ಆಗಲ್ಲ, ಊರ ಗೋಡೆ ಪಾಚಿಗೆಲ್ಲ ಫೋಟೋ" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮಗುವನ್ನು ಎತ್ತಿಕೊಂಡು, "ಹೋಗು, ನಿನ್ನ ಪಾಚಿ ಕಾಯ್ತಿದೆ" ಎಂದು ನನ್ನನ್ನು ಬಾಗಿಲಾಚೆ ತಳ್ಳುತ್ತಿದ್ದವರೂ ಅವರೇ.

ಹೆರಿಗೆಗೆಂದು ಕೊಟ್ಟಿದ್ದ ಹೆಚ್ಚಿನ ಅವಧಿ ಒಂದು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಪ್ರಕಟವಾಗದಿದ್ದರೆ ನನ್ನ ನೋಂದಣಿಯೇ ರದ್ದು. ಎಲ್ಲವನ್ನೂ ಮೊದಲಿಂದ ಮಾಡಬೇಕು. ಬುಧವಾರ ಹೋದಾಗ ಚಿತ್ರಗಳ ಪುಟದಲ್ಲಿ ಅಂಚು ಕಮ್ಮಿಯಾಯಿತೆಂದು ಮೇಡಂ ವಾಪಸು ಕಳಿಸಿದ್ದರು. ಶುಕ್ರವಾರ ಬೆಳಿಗ್ಗೆ, ಅವರು ಕೋಣೆಯ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ.

"ರಾತ್ರಿ ಇಲ್ಲೇ ಮಲಗಿದ್ಯಾ ಹೇಗೆ?" ಎನ್ನುತ್ತಾ ಒಳಗೆ ಕರೆದರು.

ಅಂಚು ಸರಿ ಹೋಯಿತು. ನಂತರ ಪರೀಕ್ಷಕರು ಬರೆದಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಅದರಲ್ಲಿ ಒಂದು, ಎಲ್ಲ ಚಿತ್ರಗಳಲ್ಲೂ ಅಳತೆ ಸೂಚಿಸಬೇಕು ಎಂಬುದು. ಕಲ್ಲುಹೂವಿನ ಫೋಟೋದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಡದಿದ್ದರೆ ಅದು ಉಗುರಿನಷ್ಟಿದೆಯೋ ಊಟದ ತಟ್ಟೆಯಷ್ಟಿದೆಯೋ ತಿಳಿಯುವುದಿಲ್ಲ. ನಾನು ಯಾವಾಗಲೂ ನಾಣ್ಯ ಇಡುತ್ತಿದ್ದೆ. ಮೇಡಂ ಒದ್ದೆ ಸ್ಪಂಜಿಗೆ ಬೆರಳು ಅದ್ದಿ ಪುಟ ತಿರುವುತ್ತಿದ್ದವರು ಒಂದು ಚಿತ್ರದ ಮೇಲೆ ನಿಂತರು.

"ಇದರಲ್ಲಿ ನಾಣ್ಯ ಎಲ್ಲಿ?"

ಬಗ್ಗಿ ನೋಡಿದೆ. ನಾಣ್ಯ ಇರಲಿಲ್ಲ. ಚಿತ್ರದ ಮೂಲೆಯಿಂದ ಒಂದು ಪುಟ್ಟ ಬೆರಳು ಕಲ್ಲುಹೂವಿನತ್ತ ಚಾಚಿತ್ತು.

"ಈ ಬೆರಳು ಯಾರದ್ದು?"

"ನನ್ನ ಮಗಳದ್ದು, ಮೇಡಂ."

"ಓಹೋ. ಹಾಗಾದ್ರೆ ಪಿಎಚ್.ಡಿ. ಇಬ್ಬರಿಗೂ ಕೊಡ್ಬೇಕಾ?"

ನಗು ಬರಲಿಲ್ಲ. ಆ ದಿನ ನೆನಪಾಯಿತು. ಹಳೆಯ ಪಂಪ್‌ಹೌಸಿನ ಗೋಡೆ ಒಡೆಯುತ್ತಾರೆಂದು ಸುದ್ದಿ ಬಂದಿತ್ತು. ಅತ್ತೆ ತಂಗಿಯ ಮನೆಗೆ ಹೋಗಿದ್ದರು, ನನ್ನವರು ಕೆಲಸಕ್ಕೆ. ಒಂಬತ್ತು ತಿಂಗಳ ಮಗುವನ್ನು ಎದೆಗೆ ಕಟ್ಟಿಕೊಂಡೇ ಓಡಿದ್ದೆ. ಹಾಲಿನ ಬಾಟಲಿ, ಬಟ್ಟೆ, ಜ್ವರದ ಔಷಧಿ, ಜ್ವರವಿಲ್ಲದಿದ್ದರೂ ಥರ್ಮಾಮೀಟರು ಎಲ್ಲ ಚೀಲದಲ್ಲಿ ತುಂಬಿಕೊಂಡವಳು ನಾಣ್ಯದ ಪರ್ಸನ್ನೇ ಬಿಟ್ಟು ಬಂದಿದ್ದೆ. ಫೋಟೋ ತೆಗೆಯುವಾಗ ಮಗು ಕೈಚಾಚಿ ಕಲ್ಲುಹೂವನ್ನು ಕೆರೆದು ಬಾಯಿಗಿಟ್ಟುಕೊಂಡಿತು. ಮಿಕ್ಕಿದ್ದೆಲ್ಲ ಅಲ್ಲೇ ಬಿಟ್ಟು ಡಾಕ್ಟರ ಹತ್ತಿರ ಓಡಿದೆ. "ಇದು ವಿಷಾನಾ ಡಾಕ್ಟ್ರೇ?" ಎಂದರೆ ಅವರು, "ಅದನ್ನ ನೀವು ನನಗೆ ಹೇಳ್ಬೇಕಮ್ಮ. ಇದರ ಮೇಲೆ ಪಿಎಚ್.ಡಿ. ಮಾಡ್ತಿರೋರು ನೀವು ತಾನೆ?" ಎಂದಿದ್ದರು. ಮಗುವಿಗೇನೂ ಆಗಲಿಲ್ಲ. ಆದರೆ ಅದೇ ವಾರ ಗೋಡೆ ಹೋಯಿತು. ಆ ಜಾತಿಯ ಕಲ್ಲುಹೂವು ನಗರದಲ್ಲಿ ಬೇರೆಲ್ಲೂ ನನಗೆ ಸಿಗಲಿಲ್ಲ. ಅದರ ಒಂದೇ ಒಂದು ಫೋಟೋ ಇದು. ಇದನ್ನು ತೆಗೆದರೆ ಒಂದು ಅಧ್ಯಾಯವೇ ಕುಸಿಯುತ್ತದೆ.

"ಮೇಡಂ, ಪಕ್ಕದ ಜೆರಾಕ್ಸ್ ಅಂಗಡೀಲಿ ಕಂಪ್ಯೂಟರಿನಲ್ಲೇ ಅಂದಾಜಿಗೆ ಒಂದು ಅಳತೆ ಗೆರೆ ಎಳೆಸಿಬಿಡ್ಲಾ? ಒಂದು ನಿಮಿಷದ ಕೆಲಸ."

"ಅಂದಾಜು ಅಂತ ಬರೀತೀಯಾ, ಅಳತೆ ಅಂತ ಬರೀತೀಯಾ?"

ಮತ್ತೆ ಆ ಚಿತ್ರದ ಕಡೆ ನೋಡಿದೆ.

"ಒಂದ್ಸಲ ವೆಬ್‌ಸೈಟಿಗೆ ಏರಿದ್ರೆ ಮತ್ತೆ ಇಳಿಸೋಕೆ ಬರಲ್ಲಮ್ಮ. ಆಮೇಲೆ ಆ ಗೆರೆ ನಿನ್ನ ತಲೆ ತಿನ್ನುತ್ತೆ. ನಿನ್ನ ಮುಖ ನೋಡಿದ್ರೇನೇ ಗೊತ್ತಾಗುತ್ತೆ, ನೀನು ಗ್ಯಾಸ್ ಆಫ್ ಮಾಡಿದೀನಾ ಅಂತ ಬಸ್‌ಸ್ಟಾಪಿನಿಂದ ವಾಪಸ್ ಹೋಗೋಳು."

ಹೋಗಿದ್ದೆ, ಅವತ್ತು ಬೆಳಿಗ್ಗೆಯೇ. ಹೇಳಲಿಲ್ಲ.

ಗೈಡಿಗೆ ಫೋನ್ ಮಾಡಿದೆ, ಅವರು ವಿಮಾನದಲ್ಲಿದ್ದರು. ಕಣ್ಣು ತುಂಬಿ ಬಂತು. ಆಗ ಮೇಡಂ ತಮ್ಮ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಯಾರದೋ ನಂಬರು ಹುಡುಕಿದರು.

"ನಿನ್ನ ಪರೀಕ್ಷಕರು ಇದ್ದಾರಲ್ಲ, ಅವರು ನಮ್ಮಲ್ಲೇ ಓದಿದ್ದು. ಈಗ ನೀನು ಕೂತಿರೋ ಕುರ್ಚೀಲೇ ಕೂತು ನಿನಗಿಂತ ಜೋರಾಗಿ ಅತ್ತವರು" ಎಂದರು. ಅಷ್ಟರಲ್ಲಿ ಆ ಕಡೆಯವರು ಎತ್ತಿಕೊಂಡರು. "ಸರ್, ನಾನು ಅಳತೆ ಮೇಡಂ... ಅಯ್ಯೋ ಇಲ್ಲ ಸರ್, ನಿಮ್ಮ ಪ್ರಬಂಧದ ಅಂಚು ಸರಿಯಾಗೇ ಇದೆ, ಹೆದರ್ಬೇಡಿ. ಇಲ್ಲೊಂದು ಹುಡುಗಿ ಕೂತಿದಾಳೆ. ನಾಣ್ಯ ಇಡೋ ಕಡೆ ಮಗು ಇಟ್ಟಿದಾಳೆ."

ಫೋನ್ ನನ್ನ ಕೈಗೆ ಬಂತು. ಚಿತ್ರ ಕಳಿಸಿದೆ. ಪರೀಕ್ಷಕರು ಅದನ್ನು ತೆರೆದು ನೋಡಿದರು. ಆಮೇಲೆ, "ಸುಳ್ಳು ಗೆರೆ ಬೇಡ. ಇದ್ದದ್ದನ್ನ ಇದ್ದ ಹಾಗೆ ಬರೀರಿ. ಒಂಬತ್ತು ತಿಂಗಳ ಮಗುವಿನ ಬೆರಳು, ಅಳೆದಿಲ್ಲ, ಗಾತ್ರ ಅಂದಾಜು ಅಂತ. ಅಷ್ಟು ಸಾಕು ಅಂತ ನಾನು ಇಮೇಲ್ ಮಾಡ್ತೀನಿ. ಈಗ ಕ್ಲಾಸಿದೆ, ಸಂಜೆ ಮುಗಿಸಿ ಬಂದು ಕಳಿಸ್ತೀನಿ" ಎಂದರು.

ಅಲ್ಲಿಂದ ಕಾಯುವುದು ಶುರುವಾಯಿತು. ಅವರು ಮರೆತರೆ? ಇಂಟರ್ನೆಟ್ ಕೈಕೊಟ್ಟರೆ? ಮನೆಗೆ ಎಷ್ಟು ಸಲ ಫೋನ್ ಮಾಡಿದೆನೋ, ಕೊನೆಗೆ ಅತ್ತೆಯೇ, "ತಿಂದ್ಲು, ಮಲಗಿದ್ಲು, ಎದ್ದು ಕೂತು ನನ್ನ ಕನ್ನಡಕ ಮುರಿದ್ಲು. ಇನ್ನು ಫೋನ್ ಮಾಡಿದ್ರೆ ನಾನೂ ಅವಳೂ ಎತ್ತಲ್ಲ" ಎಂದರು. ಮೇಡಂ ತಮ್ಮ ಡಬ್ಬಿಯ ಅರ್ಧವನ್ನು ಮುಚ್ಚಳಕ್ಕೆ ಹಾಕಿ ನನ್ನ ಮುಂದೆ ತಳ್ಳಿದರು. ಬೇಡ ಎಂದೆ. "ಹೊಟ್ಟೆ ಖಾಲಿ ಇದ್ರೆ ಇಮೇಲ್ ಬೇಗ ಬರುತ್ತಾ?" ಎಂದರು. ತಿಂದೆ.

ಸಂಜೆಯಾಯಿತು. ಅವರ ಗಂಡ ಬಂದು ಬಾಗಿಲಲ್ಲಿ ನಿಂತರು. ಹಿಂದೆಯೇ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ವಾಚ್‌ಮನ್ ಬಂದ.

"ಮೇಡಂ, ಮುಚ್ಚೋ ಹೊತ್ತಾಯ್ತು."

"ನೀನು ಮೇಲಿನ ಮಹಡಿಯಿಂದ ಮುಚ್ಕೊಂಡು ಬಾಪ್ಪ. ನಮ್ಮದು ಕೊನೇಲಿ."

"ಮೇಲಿಂದಾನೇ ಬಂದಿದ್ದು ಮೇಡಂ."

"ಹಾಗಾದ್ರೆ ಕಿಟಕಿ ಎಲ್ಲ ಸರಿಯಾಗಿ ಹಾಕಿದ್ಯೋ ಇಲ್ವೋ, ಇನ್ನೊಂದ್ಸಲ ನೋಡ್ಕೊಂಡು ಬಾ."

ಅವನು ನಗುತ್ತಾ ಹೋದ. ಅವರ ಗಂಡ, "ಕೊನೇ ಪ್ಯಾಸೆಂಜರ್ ಹತ್ತೋವರೆಗೂ ಗಾಡಿ ಬಿಡಲ್ಲ ಇವಳು" ಎಂದು ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರು.

ಇಮೇಲ್ ಬಂತು. ಚಿತ್ರದ ಕೆಳಗಿನ ಸಾಲು ಬದಲಿಸಿ, ಪಕ್ಕದಂಗಡಿಯಲ್ಲಿ ಪ್ರಿಂಟು ಹಾಕಿಸಿಕೊಂಡು ಓಡಿ ಬಂದೆ. ನೀವು ನಂಬುವುದಿಲ್ಲ, ಆ ಪುಟದ ಅಂಚನ್ನೂ ಅಳೆದರು! ಆಮೇಲೆ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು.

"ಒತ್ತು."

"ನಾನಾ?"

"ಬರೆದೋಳು ನೀನು. ನಾನ್ಯಾಕೆ ಒತ್ತಲಿ? ಎಲ್ಲರ ಕೈಲೂ ಹೀಗೇ ಒತ್ತಿಸೋದು."

"ಮೇಡಂ, ಉಲ್ಲೇಖಗಳ ಪಟ್ಟಿ ಇನ್ನೊಂದೇ ಒಂದ್ಸಲ ನೋಡಿಬಿಡ್ಲಾ?"

"ನೋಡ್ತಾ ಕೂತ್ರೆ ತಪ್ಪು ಹುಟ್ಕೊಳ್ತಾನೇ ಇರುತ್ತಮ್ಮ. ಮಗು ಹೆತ್ತೋಳು ನೀನು. ಮೂಗು ಸ್ವಲ್ಪ ಸರಿಮಾಡ್ಬೇಕಿತ್ತು ಅಂತ ಒಳಗೇ ಇಟ್ಕೊಂಡ್ಯಾ?"

ಬೆಂಚಿನ ಮೇಲೆ ಪೇಪರಿನ ಹಿಂದಿನಿಂದ ನಗು ಕೇಳಿಸಿತು. ಒತ್ತಿದೆ. ಪರದೆಯ ಮೇಲೆ ನನ್ನ ಹೆಸರು, ಪ್ರಬಂಧದ ಹೆಸರು, ಕೆಳಗೆ 'ಪ್ರಕಟವಾಗಿದೆ' ಎಂಬ ಪದ. ಬೇರೇನೂ ಆಗಲಿಲ್ಲ. ಮೇಡಂ ಫ್ಯಾನ್ ಆರಿಸಿ ಚೀಲ ಹೆಗಲಿಗೆ ಹಾಕಿಕೊಂಡರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಹೋಗು, ಮಗು ಕಾಯ್ತಿರುತ್ತೆ" ಎಂದರು.

ಪದವಿ ಬಂತು, ಕೆಲಸವೂ ಸಿಕ್ಕಿತು. ಯಾರ ಋಣವೆಂದು ಎಣಿಸಲು ಕೂತರೆ ಅತ್ತೆಯಿಂದ ಶುರುವಾಗಿ ಆ ವಾಚ್‌ಮನ್‌ವರೆಗೆ ಹೋಗುತ್ತದೆ. ಆದರೆ ಆ ಸಂಜೆ ಮೇಡಂ ಕದ ಹಾಕಿಕೊಂಡು ಮನೆಗೆ ಹೋಗಿದ್ದರೂ ಯಾರೂ ಅವರನ್ನು ತಪ್ಪು ಎನ್ನುತ್ತಿರಲಿಲ್ಲ. ನಾನು ಎಳೆಯಲಿದ್ದ ಸುಳ್ಳು ಗೆರೆಗೆ ಹೂಂ ಎಂದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡನ್ನೂ ಅವರು ಮಾಡಲಿಲ್ಲ.

ಈಗ ಅವರು ನಿವೃತ್ತರು. ಮೊನ್ನೆ ನನಗೊಂದು ಇಮೇಲ್ ಬಂತು, ಮುಖ ನೋಡದ, ಬೇರೆ ಊರಿನ ಒಬ್ಬ ವಿದ್ಯಾರ್ಥಿನಿಯಿಂದ. ನನ್ನ ಪ್ರಬಂಧ ಓದಿದಳಂತೆ. ಅದೇ ಜಾತಿಯ ಕಲ್ಲುಹೂವು ಅವಳ ಕಾಲೇಜಿನ ಹಿಂದಿನ ಗೋಡೆಯಲ್ಲಿ ಸಿಕ್ಕಿದೆ. ಸರಿಯಾದ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದ್ದಾಳೆ, ತನ್ನ ಅಕ್ಕನ ಮಗುವಿನ ಬೆರಳನ್ನೂ ಪಕ್ಕಕ್ಕೆ ಇಟ್ಟಿದ್ದಾಳೆ. ನಿಮ್ಮ ಅಂದಾಜು ಹೆಚ್ಚುಕಡಿಮೆ ಸರಿ ಎಂದು ಬರೆದಿದ್ದಳು.

ತಕ್ಷಣ ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. ಕಲ್ಲುಹೂವಿನ ಬಗ್ಗೆ ಏನೂ ಕೇಳಲಿಲ್ಲ.

"ಓದಿದಾಳಾ? ನಿಜವಾಗ್ಲೂ ಪೂರ್ತಿ ಓದಿದಾಳಾ?" ಎಂದರು. ಹೌದು ಎಂದೆ. "ರೀ, ಇಲ್ಲಿ ಕೇಳಿ" ಎಂದು ಗಂಡನನ್ನು ಕೂಗಿ ಕರೆದದ್ದು ಕೇಳಿಸಿತು. ಆಮೇಲೆ ನನಗೆ, "ಇವರಿಗೂ ಒಂದ್ಸಲ ಹೇಳಮ್ಮ, ಮೊದಲಿಂದ" ಎಂದು ಫೋನನ್ನು ಅವರ ಕೈಗೆ ಕೊಟ್ಟರು.