ಮಂಗಳೂರಿನಲ್ಲಿ ವಿಮಾನ ಇಳಿಸುವುದು ನಾನೇ

ಮಾನ್ಯರೇ, ಕೈಮುಗಿದು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಮೂಡುಬಿದಿರೆಯ ಮದುವೆ ಹಾಲ್‌ನಲ್ಲಿ ವಿಮಾನ ಕಂಪೆನಿಯ ಯೂನಿಫಾರ್ಮ್ ಹಾಕಿಕೊಂಡು ಊಟದ ಪಂಕ್ತಿಯಲ್ಲಿ ಕುಳಿತ ಅಪರಾಧಿ ನಾನೇ.

"ಡ್ಯೂಟಿಯಿಂದ ಸೀದಾ ಬಂದೆ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಬಂದದ್ದು ಬಂಟ್ವಾಳದ ಮನೆಯಿಂದ. ಇಸ್ತ್ರಿ ಹಾಕಿಸಿಕೊಂಡು.

ಕಾರಣ ಇಷ್ಟೆ. ವಾಯುಸೇನೆಯಲ್ಲಿ ಸರಕು ವಿಮಾನ ಹಾರಿಸುತ್ತಿದ್ದವನು ನಿವೃತ್ತಿ ಪಡೆದು ಈಗ ಪ್ರಯಾಣಿಕರ ವಿಮಾನದಲ್ಲಿ ಕೋ-ಪೈಲಟ್. ಅಲ್ಲಿ ಸೆಲ್ಯೂಟ್ ಸಿಗುತ್ತಿತ್ತು. ಇಲ್ಲಿ ನನಗಿಂತ ತೀರಾ ಚಿಕ್ಕ ಪ್ರಾಯದ ಕ್ಯಾಪ್ಟನ್ ಹುಡುಗಿ ಮರ್ಯಾದೆಯಿಂದ "ಸರ್" ಎಂದು ಕರೆದು, ಅಷ್ಟೇ ಮರ್ಯಾದೆಯಿಂದ ನನ್ನ ತಪ್ಪು ತೋರಿಸುತ್ತಾಳೆ.

ಇದು ಊರಿಗೆ ಗೊತ್ತಾಗಬಾರದು ನೋಡಿ... ಅದಕ್ಕೇ ಯೂನಿಫಾರ್ಮ್.

ಆದರೆ ಬೆಳ್ತಂಗಡಿಯ ಚಿಕ್ಕಮ್ಮನ ಕಣ್ಣು ಪಾಯಸದಿಂದ ಎದ್ದು ನೇರ ನನ್ನ ಭುಜಕ್ಕೆ ಬಂತು.

"ಗೆರೆ ಮೂರೇ ಉಂಟಲ್ಲ ಮಾರಾಯ? ಟೀವಿಯಲ್ಲಿ ಪೈಲಟ್‌ಗಳಿಗೆ ನಾಲ್ಕು ಕಾಣ್ತದೆ."

"ಅದು ಕ್ಯಾಪ್ಟನ್‌ಗೆ ಚಿಕ್ಕಮ್ಮ. ನಾನು ಕೋ-ಪೈಲಟ್."

"ಓ... ಹಾಗಾದರೆ ನೀನು ಬಸ್ಸಿನ ಕಂಡಕ್ಟರ್ ಹಾಗೆ 'ರೈಟ್ ಪೋಯಿ' ಹೇಳುವುದಾ?"

ಇಡೀ ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕ, ಅವನ ಸೌಟಿನ ಸಾರು ನನ್ನ ಎಲೆ ಬಿಟ್ಟು ಪ್ಯಾಂಟಿನ ಮೇಲೆ ಲ್ಯಾಂಡ್ ಆಯಿತು.

ಹಾರುವವನಿಗೆ ಹಾರಾಡಲು ಹೇಳಿಕೊಡಬೇಕೆ? "ಈಶಾನ್ಯದ ಬೆಟ್ಟಗಳ ನಡುವೆ, ಅಂಗೈಯಗಲದ ಜಾಗದಲ್ಲಿ ವಿಮಾನ ಇಳಿಸಿದವನು ನಾನು. ನಮ್ಮ ಮಂಗಳೂರಿನಲ್ಲಿ ಇಳಿಸುವುದೂ ನಾನೇ!" ಎಂದುಬಿಟ್ಟೆ.

ಎದುರಿನ ಸಾಲಿನಲ್ಲಿ ಅಮ್ಮ ಎತ್ತಿದ ತುತ್ತನ್ನು ಕೆಳಗಿಟ್ಟರು.

ವಿಷಯ ಏನೆಂದರೆ, ಮುಂಬೈಯಲ್ಲಿರುವ ನನ್ನ ತಂಗಿ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವಳ ಆಸೆ. ಡಾಕ್ಟರು "ರೈಲು, ಬಸ್ಸು ಬೇಡ, ಹೋಗುವುದಾದರೆ ಬೇಗ ವಿಮಾನದಲ್ಲಿ ಹೋಗಿ" ಎಂದಿದ್ದರು. ಅಮ್ಮನದು ಒಂದೇ ಹಟ: ಗುಡ್ಡದ ತಲೆಯ ಮೇಲಿರುವ ಆ ಏರ್‌ಪೋರ್ಟಿನಲ್ಲಿ ಬಸುರಿಯನ್ನು ಇಳಿಸಲು ಬಿಡುವುದಿಲ್ಲ.

ತಂಗಿ ದಿನಾ ಫೋನಿನಲ್ಲಿ ಅಳುತ್ತಿದ್ದಳು. ಇನ್ನೂ ತಡವಾದರೆ ವಿಮಾನದವರೇ ಅವಳನ್ನು ಹತ್ತಿಸಿಕೊಳ್ಳುವುದಿಲ್ಲ.

"ನೀನೇ ಇಳಿಸುವುದಾ?" ಅಮ್ಮ ಪಂಕ್ತಿಯಲ್ಲೇ ಕೇಳಿದರು. "ಹಾಗಾದರೆ ನಾನೇ ಹೋಗಿ ಅವಳನ್ನು ಕರ್ಕೊಂಡು ಬರ್ತೇನೆ. ನಿನ್ನ ವಿಮಾನದಲ್ಲಿ."

ಸಾಮಾನ್ಯವಾಗಿ ನನ್ನದು ಹಾರಿಕೆಯ ಉತ್ತರ. ಅವತ್ತು ಮಾತ್ರ "ಹೂಂ" ಎಂದೆ.

ಅಮ್ಮ ರೈಲು ಹತ್ತಿ ಮುಂಬೈಗೆ ಹೋದರು. ನಾನು ಡ್ಯೂಟಿ ಹಾಕುವವರ ಕಾಲು ಹಿಡಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿ ಅವರಿಬ್ಬರೂ ಬರುವ ವಿಮಾನವನ್ನೇ ಕೇಳಿ ಪಡೆದೆ.

ವಿಮಾನ ಮುಂಬೈ ಬಿಟ್ಟ ಮೇಲೆ ಅದೇ ಕ್ಯಾಪ್ಟನ್ ಹುಡುಗಿ, "ಸರ್, ನಿಮ್ಮ ಊರಿನವರೇ ತುಂಬ ಇದ್ದಾರೆ, ಕನ್ನಡದಲ್ಲಿ ನೀವೇ ಅನೌನ್ಸ್ ಮಾಡಿ" ಎಂದು ಮೈಕ್ ಕೊಟ್ಟಳು.

ಸೇನೆಯಲ್ಲಿ ನನ್ನ ಹಿಂದೆ ಕೂರುತ್ತಿದ್ದುದು ಅಕ್ಕಿ ಮೂಟೆ, ಡೀಸೆಲ್ ಡ್ರಮ್ಮು. ಅವಕ್ಕೆ ಸ್ವಾಗತ ಬೇಕಿರಲಿಲ್ಲ. ಅದೇ ಅಭ್ಯಾಸದಲ್ಲಿ ವರದಿ ಒಪ್ಪಿಸಿದೆ:

"ಮಂಗಳೂರಿನಲ್ಲಿ ಮೋಡ. ಅಡ್ಡ ಗಾಳಿ. ಇಳಿಯಲು ಆಗದಿದ್ದರೆ ಬೆಂಗಳೂರು. ಅಲ್ಲಿವರೆಗೆ ಇಂಧನ ಇದೆ. ಮುಗಿಯಿತು."

ಮುಗಿದದ್ದು ನನ್ನ ಮಾತು. ಪ್ರಯಾಣಿಕರು ತಮ್ಮ ಕಥೆ ಎಂದುಕೊಂಡರು.

ಗಗನಸಖಿ ಒಳಗಿನಿಂದ ಫೋನ್ ಮಾಡಿ "ಸರ್, ಏನಾಯಿತೆಂದು ಎಲ್ಲರೂ ಕೇಳುತ್ತಿದ್ದಾರೆ" ಎಂದಳು. ಅಷ್ಟರಲ್ಲಿ ಅಮ್ಮ ತಂಗಿಯ ಕೈ ಹಿಡಿದು ಹರಕೆ ಶುರು ಮಾಡಿದ್ದರಂತೆ. ವಿಮಾನ ಕೆಳಕ್ಕೆ ಇಳಿದಂತೆ ಹರಕೆ ಮೇಲಕ್ಕೆ ಏರಿ, ಹೂವಿನ ಪೂಜೆಯಿಂದ ರಂಗಪೂಜೆಯವರೆಗೆ ತಲುಪಿತಂತೆ!

ಮೋಡ ಸರಿಯಿತು. ಗುಡ್ಡದ ನೆತ್ತಿಯ ಮೇಲೆ ರನ್‌ವೇ ಕಂಡಿತು. ಎಷ್ಟು ನಯವಾದ ಲ್ಯಾಂಡಿಂಗ್ ಎಂದರೆ, ಚಕ್ರ ನೆಲ ಮುಟ್ಟಿದ್ದು ನನಗೇ ತಿಳಿಯಲಿಲ್ಲ.

ಎಲ್ಲರೂ ಇಳಿದ ಮೇಲೆ ಅಮ್ಮ ತಂಗಿಯನ್ನು ಮೆಲ್ಲಗೆ ನಡೆಸಿಕೊಂಡು ಕಾಕ್‌ಪಿಟ್ ಬಾಗಿಲಿಗೆ ಬಂದರು. ಕಣ್ಣು ತುಂಬಿದೆ. ನನ್ನ ಎರಡೂ ಕೆನ್ನೆ ಹಿಡಿದು ತುಳುವಿನಲ್ಲಿ ಹೇಳುತ್ತಾರೆ: "ಹೂ ಇಟ್ಟ ಹಾಗೆ ಇಳಿಸಿದಿ ಮಗಾ. ಮಗು ಅಲುಗಾಡಲೂ ಇಲ್ಲ."

"ಅಣ್ಣಾ, ಮೈಕ್ ಮಾತ್ರ ಇನ್ನು ಮುಟ್ಟಬೇಡ" ಎಂದಳು ತಂಗಿ.

ಚಂಡೀಗಢದ ಕ್ಯಾಪ್ಟನ್‌ಗೆ ತುಳು ಬಾರದು. ಅಮ್ಮ ಏನೆಂದರು ಎಂದು ನನ್ನನ್ನು ಕೇಳಿದಳು. "ನಿಮಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ" ಎಂದೆ.

ಪಾಪದ ಹುಡುಗಿ, ಬಾಗಿ ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿದಳು.

ಅಮ್ಮ ಅವಳ ತಲೆ ಸವರಿ ನನ್ನ ಕಡೆ ತಿರುಗಿದರು: "ಒಳ್ಳೆ ಹುಡುಗಿ. ಇವಳಿಗೂ ಸ್ವಲ್ಪ ಇಳಿಸ್ಲಿಕ್ಕೆ ಕಲಿಸು ಮಾರಾಯ."

ಅಮ್ಮ ಇದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ. ಗುಡ್ಡದ ಮೇಲಿನ ನಮ್ಮ ಮಂಗಳೂರಿನ ರನ್‌ವೇಯಲ್ಲಿ ಕೋ-ಪೈಲಟ್ ವಿಮಾನ ಇಳಿಸುವಂತೆಯೇ ಇಲ್ಲ, ಅದು ಕ್ಯಾಪ್ಟನ್ನೇ ಮಾಡಬೇಕಾದ ಕೆಲಸ... ಆ ಹುಡುಗಿ ಹೂ ಇಡುವಾಗ ನನ್ನ ಎರಡೂ ಕೈ, ಹಸೆಯಲ್ಲಿ ಕೂತ ಮದುಮಗನ ಹಾಗೆ, ತೊಡೆಯ ಮೇಲಿದ್ದವು.