ಮರಳಿನ ಮೇಲಿನ ಮರ

ಬೀದಿಗೆಲ್ಲ ಅವಳು ಟೈಲರಮ್ಮ. ಹೊಟ್ಟೆ ಬಂದು ಪ್ಯಾಂಟು ಬಿಗಿಯಾದವರೂ, ಹೊಟ್ಟೆ ಕರಗೀತೆಂಬ ಭರವಸೆಯಲ್ಲಿ ಬಿಗಿಯಾಗಿಯೇ ಹೊಲಿಸಿಕೊಳ್ಳುವವರೂ ಬಂದು ಕೂರುವುದು ಅವಳ ಮುಂಗೋಣೆಯಲ್ಲಿ. ಒಳಕೋಣೆ ಅಕ್ಕನದು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದ ಅಕ್ಕ ವಾದದಲ್ಲಿ ಸೋತದ್ದನ್ನು ಕಂಡವರಿಲ್ಲ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ, ಒಂದೇ ಸೂರಿನಡಿ ಜಗಳವಾಡಿಕೊಂಡು ಸುಖವಾಗಿದ್ದರು.

ಬೆಳಗ್ಗೆ ಎದ್ದು ಜೊತೆಯಾಗಿ ಕಡಲ ದಂಡೆಗೆ ಹೋಗಿಬರುವುದು ಅವರ ಅಭ್ಯಾಸ. ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅದಕ್ಕೆ ಕಲ್ಲು ಬಿತ್ತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. "ಹೀಗೇ ಕೂತಿದ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ" ಎಂದು ಡಾಕ್ಟರು ಎಚ್ಚರಿಸಿದರೂ ಅಕ್ಕ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ, ಅದರಾಚೆಗೆ ಜಪ್ಪಯ್ಯ ಅಂದರೂ ಕದಲಲಿಲ್ಲ. ತಂಗಿಗೆ ಭಯವಾಯಿತು.

ಈಗ ಒಬ್ಬಳೇ ಕಡಲಿಗೆ ಹೋಗಿಬರುವ ಅವಳನ್ನು ಅಕ್ಕ ದಿನಾ ಕೇಳುವುದು ಮಾತ್ರ ಬಿಡಲಿಲ್ಲ. "ಇವತ್ತು ಹೇಗಿತ್ತೇ?"

"ನೀಲಿಯಾಗಿತ್ತು."

"ಯಾವ ನೀಲಿ?"

ಅಲ್ಲಿಗೆ ಟೈಲರಮ್ಮನ ಮಾತು ಮುಗಿಯುತ್ತಿತ್ತು. ಹೇಳಲಾಗದ್ದನ್ನು ತೋರಿಸೋಣ ಎಂದು ಅವಳು ಕಾಗದ ಹಿಡಿದಳು. ಚಿತ್ರ ಬರೆಯಲು ಬಾರದು, ಕತ್ತರಿಸಲು ಬರುತ್ತದಲ್ಲ! ಮೊದಲು ಇಡೀ ಹಾಳೆಗಳಿಗೇ ಬಣ್ಣ ಬಳಿಯುವಳು: ಬಂಡೆಗೆ ಅಂಟಿದ ಪಾಚಿಯ ಹಸಿರು, ಚಿಪ್ಪಿನ ಒಳಗಿನ ಗುಲಾಬಿ, ಮೋಡ ಕವಿದಾಗಿನ ನೀರಿನ ಸೀಸದ ಬಣ್ಣ. ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿ, ಅಂಗಿ ಕತ್ತರಿಸುವ ಹಾಗೆಯೇ ಅಲೆಯನ್ನೂ ಏಡಿಯನ್ನೂ ಕತ್ತರಿಸಿ, ರಟ್ಟಿನ ಮೇಲೆ ಗೋಂದು ಹಾಕಿ ಅಂಟಿಸುವಳು. ಅಕ್ಕ ಕನ್ನಡಕ ಏರಿಸಿ ನೋಡಿ ಮಾರ್ಕು ಕೊಡುವಳು.

"ಏಡಿ ಪರವಾಗಿಲ್ಲ. ಈ ಅಲೆ ಮಾತ್ರ ಕಿಟಕಿ ಪರದೆ ಅಂಚು ಕಣೇ."

ಅಲೆ ಹೇಗೋ ಪಳಗಿತು. ನೀರಿಳಿದ ಮೇಲಿನ ಒದ್ದೆ ಮರಳು ಮಾತ್ರ ಏನು ಮಾಡಿದರೂ ಕೈಗೆ ಹತ್ತಲಿಲ್ಲ. ಎಷ್ಟು ಬಳಿದರೂ ಅದು ಗೋಣಿತಟ್ಟಿನಂತೆಯೇ ಕಾಣುತ್ತಿತ್ತು.

ಒಂದು ದಿನ ಕಂದುಬಣ್ಣ ದಪ್ಪಗೆ ಬಳಿಯುತ್ತಿದ್ದಾಗ ಗಿರಾಕಿಯೊಬ್ಬ ಜಿಪ್ಪು ಕಿತ್ತುಹೋದ ಚೀಲ ಹಿಡಿದು ಬಂದು ರಾಗ ಎಳೆಯತೊಡಗಿದ. ಕತ್ತರಿಸಿದ ಬಟ್ಟೆ ಗಾಳಿಗೆ ಹಾರದಂತೆ ಒಂದರ ಮೇಲೊಂದು ಪೇರಿಸಿ ಇಸ್ತ್ರಿಪೆಟ್ಟಿಗೆ ಹೇರುವುದು ಅವಳ ಕೈಗೆ ರೂಢಿ. ಕೈ ತನ್ನ ಪಾಡಿಗೆ ಹಸಿ ಹಾಳೆಗಳಿಗೂ ಅದನ್ನೇ ಮಾಡಿತು. ಗಿರಾಕಿ ಹೋದ ಮೇಲೆ ನೆನಪಾಗಿ ಹಣೆ ಚಚ್ಚಿಕೊಂಡಳು. ಬಣ್ಣವೂ ದಂಡ, ಕಾಗದವೂ ದಂಡ ಎಂದು ಶಪಿಸುತ್ತಾ ಅಂಟಿಕೊಂಡ ಎರಡು ಹಾಳೆಗಳನ್ನು ಮೆಲ್ಲಗೆ ಬಿಡಿಸಿದಳು.

ಬಿಡಿಸಿದವಳು ಹಾಗೇ ನಿಂತುಬಿಟ್ಟಳು. ಹಾಳೆಯ ತುಂಬ ಕವಲು, ಕವಲಿಗೆ ಕವಲು, ಕೂದಲೆಳೆಗಿಂತ ಸಣ್ಣ ಕವಲು. ನೀರು ಹಿಂದೆ ಸರಿಯುವಾಗ ಮರಳಿನ ಮೇಲೆ ಬಿಟ್ಟುಹೋಗುವ ಮರ! ಅವಳು ಬಳಿದದ್ದಲ್ಲ, ಕತ್ತರಿಸಿದ್ದಲ್ಲ. ಕಡಲಿಗೆ ಗೊತ್ತಿರುವ ಕೆಲಸ ಈ ಎರಡು ಬಡ ಹಾಳೆಗಳಿಗೂ ಗೊತ್ತಿತ್ತೇ? ಅಳು ಬಂದಂತಾಗಿ, ಯಾಕೆಂದು ತಿಳಿಯದೆ ನಕ್ಕಳು.

ಒಣಗಿದ ಹಾಳೆಯನ್ನು ಮೇಲೆ ದಡ, ಕೆಳಗೆ ನೀರು ಬರುವಂತೆ ಅಂಟಿಸಿ ಅಕ್ಕನ ಮುಂದಿಟ್ಟಳು. ಅಕ್ಕ ಕನ್ನಡಕ ಏರಿಸಿ ಬಾಗಿದಳು. ಬೆರಳಿಂದ ಒಂದು ಕವಲನ್ನು ಹಿಂಬಾಲಿಸಿದಳು. ಕಣ್ಣು ತುಂಬಿತ್ತು. ಆಮೇಲೆ, ಅಕ್ಕನಲ್ಲವೇ, "ತಲೆಕೆಳಗೆ ಅಂಟಿಸಿದ್ದೀಯ" ಎಂದಳು.

"ಏನು?"

"ಕವಲು ನೀರಿನ ಕಡೆ ಬರಬೇಕು. ನೀನು ದಡದ ಕಡೆ ಇಟ್ಟಿದ್ದೀಯ."

"ದಿನಾ ನೋಡೋಳು ನಾನು!"

"ನೋಡೋದು ಬೇರೆ, ಗಮನಿಸೋದು ಬೇರೆ."

ಟೈಲರಮ್ಮನಿಗೆ ಉರಿದುಹೋಯಿತು. "ಹಾಗಾದ್ರೆ ಬಂದು ತೋರಿಸು. ಮಂಚದ ಮೇಲೆ ಕೂತು ಕಡಲಿಗೆ ಪಾಠ ಹೇಳಬೇಡ."

ಅಂದದ್ದೇ ತಡ, ನಾಲಿಗೆ ಕಚ್ಚಿಕೊಂಡಳು. ಅಕ್ಕನ ಮುಖ ಬಿಳಿಚಿತು. "ಬಿದ್ರೆ?" ಎಂದಳು, ಚಿಕ್ಕ ಹುಡುಗಿಯ ಹಾಗೆ. ಈ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಬಿದ್ರೆ ನನ್ನ ಮೇಲೇ ಬೀಳ್ತೀಯ. ನಾನೇನು ಕಡ್ಡಿಯಾ?"

ಮರುದಿನ ನೀರಿಳಿಯುವ ಹೊತ್ತಿಗೆ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತಂಗಿಯ ಭುಜ, ಬೈಯುತ್ತಾ, ಬೆವರುತ್ತಾ, ನಡುನಡುವೆ ನಿಲ್ಲುತ್ತಾ ಅಕ್ಕ ಒದ್ದೆ ಮರಳಿನ ತನಕ ಬಂದಳು. ಇಬ್ಬರೂ ಬಗ್ಗಿ ನೋಡಿದರು. ಮೇಲೆ, ದಡದ ಕಡೆ, ಸಣ್ಣಸಣ್ಣ ಎಳೆಗಳು ಒಂದನ್ನೊಂದು ಹುಡುಕಿಕೊಂಡು ಕೂಡುತ್ತಿದ್ದವು. ನಡುವೆ ಒಂದೇ ಕಾಂಡವಾಗಿ ಹರಿದು, ಕೆಳಗೆ ನೀರಿನ ಕಡೆ ಮತ್ತೆ ಕವಲೊಡೆಯುತ್ತಿದ್ದವು. ಅಕ್ಕನದೂ ಸರಿ, ತಂಗಿಯದೂ ಸರಿ. ದಂಡೆಯುದ್ದಕ್ಕೂ, ಕಣ್ಣು ಹರಿದಷ್ಟು ದೂರ, ಅಂಥವೇ ಮರಗಳು ಬೆಳೆಯುತ್ತಿದ್ದವು, ಒಂದರಂತೆ ಒಂದಿಲ್ಲ. ಗೆದ್ದವರಾರೆಂದು ಕೇಳುವುದು ಇಬ್ಬರಿಗೂ ಮರೆತುಹೋಯಿತು.

ದೊಡ್ಡ ಅಲೆಯೊಂದು ಮೇಲೇರಿ ಬಂದು ಎಲ್ಲವನ್ನೂ ಸವರಿ ಹಾಕಿತು.

"ನಾಳೆ ಇದು ಇರಲ್ಲ, ಅಲ್ವೇನೇ?" ಅಕ್ಕ ಕೇಳಿದಳು.

"ಇರಲ್ಲ. ಬೇರೆ ಇರುತ್ತೆ."

ಅಕ್ಕ ಊರುಗೋಲನ್ನು ಮರಳಿನಿಂದ ಕಿತ್ತು ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ಹಾಗಾದ್ರೆ ನನ್ನನ್ನ ಬೇಗ ಎಬ್ಬಿಸು" ಎಂದಳು.