ಪೊಲೀಸರನ್ನು ಕರೆಯಿರಿ ಎಂದವಳು

ತಂದೆಯೋ ತಾಯಿಯೋ ಜೈಲಿನಲ್ಲಿರುವ ಮಕ್ಕಳ ಜೊತೆ ವಾರಕ್ಕೊಮ್ಮೆ ಕೂತು ಓದಿಸುವ, ಮಾತಾಡುವ ಕೆಲಸಕ್ಕೆ ನಾನಾಗಿಯೇ ಸೇರಿ ಐದು ತಿಂಗಳಾಗಿತ್ತು. ನನ್ನ ಪಾಲಿಗೆ ಬಂದವಳು ರಾಯಾಪುರದ ಒಂಬತ್ತು ವರ್ಷದ ಹುಡುಗಿ. ತಂದೆ ಇಲ್ಲ. ತಾಯಿ ಧಾರವಾಡದ ಜೈಲಿನಲ್ಲಿ. ಮೂರು ವರ್ಷದ ತಮ್ಮ ತೀರ ಚಿಕ್ಕವನೆಂದು ತಾಯಿಯ ಜೊತೆ ಒಳಗೇ ಇದ್ದ. ಇವಳನ್ನು ಸಾಕುತ್ತಿದ್ದ ಅಜ್ಜಿ ಮೊದಲ ದಿನವೇ ಹೇಳಿದ್ದಳು: "ಅವರವ್ವನ ಸುದ್ದಿ ಮಾತ್ರ ತಗೀಬ್ಯಾಡ್ರಿ."

ನಾನು ತೆಗೆಯಲಿಲ್ಲ. ಹುಡುಗಿಯೂ ಕೇಳಲಿಲ್ಲ. ಮರೆತಿದ್ದಾಳೆ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

ಒಂದು ಶನಿವಾರ ನೋಟ್‌ಬುಕ್ ಕೊಡಿಸಲು ಅವಳನ್ನು ಗೋಕುಲ ರಸ್ತೆಯ ಅಂಗಡಿಗೆ ಕರೆದೊಯ್ದೆ. ನಾನು ಆರಿಸುತ್ತಿದ್ದಾಗ ಪಕ್ಕದ ಬಳೆ ಅಂಗಡಿಯ ಕಾಕಾ ಕೂಗಿದರು.

"ಬಾಯಾರ, ಈ ಹುಡುಗಿ ನಿಮ್ಮಾಕೀನೇನ್ರಿ? ನನ್ನ ಕಣ್ಣಮುಂದನ ಬಳಿ ಎತ್ತಿಕೊಂಡ್ಳು. ಓಡಿ ಹೋಗವಲ್ಲಳು. ಪೊಲೀಸರಿಗೆ ಫೋನ್ ಮಾಡ್ರಿ ಅಂತ ನಿಂತಾಳ!"

ಅವಳ ಎರಡೂ ಕೈಯಲ್ಲಿ ಹಸಿರು ಬಳೆ. ನಾನು ಗದರಿದೆ. ಅವಳು ಅಳಲಿಲ್ಲ.

"ಅಕ್ಕೋರ, ಇಷ್ಟ ಕದ್ರ ಸಾಕಾಗೂದಿಲ್ಲೇನ್ರಿ?"

"ಯಾವುದಕ್ಕ?"

"ಅವ್ವನ ಕಡೆ ಹೋಗಾಕ. ತಮ್ಮ ಹೋಗ್ಯಾನಲ್ರಿ."

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳನ್ನು ಹತ್ತಿರ ಕರೆದೆ. ಕಾಕಾ ಮುಖ ಆಚೆ ತಿರುಗಿಸಿದರು. ಆಮೇಲೆ ಅವಳ ಕೈಯಿಂದ ಮೆಲ್ಲಗೆ ಬಳೆ ಬಿಡಿಸಿಕೊಂಡು, ಕುಡಿಯಲು ನೀರು ಕೊಟ್ಟರು.

"ಕಳವು ಮಾಡಬೇಕಂತಿಲ್ಲವ್ವಾ," ಎಂದೆ. "ಅವ್ವನ್ನ ಹೋಗಿ ಭೇಟಿ ಆಗಬಹುದು."

"ಖರೇನರಿ?"

ಜೈಲಿನಲ್ಲಿ ಭೇಟಿಗೆ ಬಿಡುತ್ತಾರೆಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ನನಗೆ ಗೊತ್ತಿತ್ತು. ಐದು ತಿಂಗಳು ಎದುರಿಗೆ ಕೂತು ಪದ್ಯ ಓದಿಸಿದ್ದೆ, ಈ ಒಂದು ಮಾತು ಹೇಳಿರಲಿಲ್ಲ.

ಅಜ್ಜಿಗೆ ನಡೆದದ್ದನ್ನೆಲ್ಲ ಹೇಳಿದೆ. "ನನಗ ನಾಚಿಕಿ ಆಗಿ ನಾ ಹೋಗಲಿಲ್ರಿ. ಕೂಸಿನ ಹೊಟ್ಟ್ಯಾಗ ಇಷ್ಟೈತಿ ಅಂತ ತಿಳೀಲಿಲ್ಲ," ಎಂದು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುಂದಿನ ವಾರ ಮೂವರೂ ಹೋದೆವು. ಜೈಲಿನ ಕಬ್ಬಿಣದ ಜಾಲರಿಯ ಆಚೆ ತಮ್ಮ, ಅಕ್ಕನ ಗುರುತು ಸಿಗದೆ, ತಾಯಿಯ ಹಿಂದೆ ಅಡಗಿದ. ಹುಡುಗಿ ಕೇಳಿದ್ದು ಒಂದೇ.

"ನನ್ನ ಯಾಕ ಕರಕೊಂಡ ಹೋಗಲಿಲ್ಲ?"

"ನೀ ದೊಡ್ಡಾಕಿ ಅಂತ ಜೈಲಿನವರು ಬಿಡಲಿಲ್ಲವ್ವಾ. ನಾ ಕೈ ಮುಗದು ಕೇಳಿದ್ದೆ."

"ಕೇಳಿದ್ದಿಯೇನ?"

"ಕೇಳಿದ್ದೆ."

ಹುಡುಗಿ ತಲೆಯಾಡಿಸಿದಳು. ಆಮೇಲೆ ಬಗ್ಗಿ ತಮ್ಮನನ್ನು ಮಾತಾಡಿಸತೊಡಗಿದಳು.